ಗಾಂಜಾ ಸೇದಿ ಗಾಡಿ ಓಡಿಸಿದರೆ?

'ಕೆನಡಾ ದೇಶದಲ್ಲಿ ಗಾಂಜಾ ಮಾರಲು ಸರ್ಕಾರವೇ ಅನುಮತಿ ಕೊಟ್ಟಿದೆಯಂತೆ. ನನ್ನ ಮಗ ಅಲ್ಲಿ ಓದುತ್ತಿದ್ದಾನೆ. ಅವನ ರೂಮಿನ ಗೆಳೆಯರು ಸೇದಿಯೇ ಕಾರು ಓಡಿಸುತ್ತಾರಂತೆ. ಕೇಳಿದರೆ, ಇದು ಹೆಂಡದ ಹಾಗಲ್ಲ, ಇದರಿಂದ ಗಾಡಿ ನಿಧಾನವಾಗಿಯೇ ಹೋಗುತ್ತದೆ, ಊದಿಸಿ ಹಿಡಿಯುವ ಯಂತ್ರವೂ ಇಲ್ಲ ಎನ್ನುತ್ತಾರಂತೆ. ಇದರಲ್ಲಿ ಎಷ್ಟು ನಿಜ ಡಾಕ್ಟರೇ?'

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರವಿದು. ಆ ಹುಡುಗರು ಹೇಳಿದ್ದೆಲ್ಲ ಸುಳ್ಳಲ್ಲ. ಗಾಂಜಾ ಅಲ್ಲಿ ಕಾನೂನುಬದ್ಧ ಎಂಬುದು ನಿಜ. ಊದಿಸುವ ಯಂತ್ರಕ್ಕೆ ಅದು ಸಿಕ್ಕುವುದಿಲ್ಲ ಎಂಬುದೂ ನಿಜ. ಗಾಡಿ ನಿಧಾನವಾಗಿ ಹೋಗುತ್ತದೆ ಎಂಬುದರಲ್ಲೂ ಸ್ವಲ್ಪ ಸತ್ಯಾಂಶವಿದೆ. ಆದರೆ ಈ ಮೂರನ್ನೂ ಕೂಡಿಸಿ 'ಆದ್ದರಿಂದ ಭಯವಿಲ್ಲ' ಎಂದು ತೀರ್ಮಾನಿಸಿದರೆ ಜೀವವೂ ಹೋಗಬಹುದು, ಅಲ್ಲಿ ನೆಲೆಸುವ ಆಸೆಯೂ ಹೋಗಬಹುದು. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ಆ ದೇಶದಲ್ಲಿರುವುದರಿಂದ ಈ ವಾರ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಒಂದು ಮಾತು. ಗಾಂಜಾ, ಚರಸ್, ಭಂಗಿ ಮೂರೂ ಒಂದೇ ಗಿಡದ ಮಕ್ಕಳು. ಹೂವಿನ ತೆನೆ ಗಾಂಜಾ, ಅಂಟು ಚರಸ್, ಎಲೆ ಭಂಗಿ. ಮೂರರಲ್ಲೂ ಅಮಲು ತರುವ ಮುಖ್ಯ ವಸ್ತು ಒಂದೇ. ಅದರ ರಾಸಾಯನಿಕ ಹೆಸರು ಉದ್ದ, ಚಿಕ್ಕದಾಗಿ ಟಿಎಚ್‌ಸಿ ಎನ್ನುತ್ತಾರೆ. ಚಿಲುಮೆಯಲ್ಲಿ ಸೇದಿದರೂ, ಹಾಲಿನಲ್ಲಿ ಅರೆದು ಕುಡಿದರೂ, ಕೆನಡಾದ ಅಂಗಡಿಯಲ್ಲಿ ಸಿಗುವ ಚಾಕೊಲೇಟಿನಲ್ಲಿ ತಿಂದರೂ ಮಿದುಳಿಗೆ ಹೋಗಿ ಕೆಲಸ ಮಾಡುವುದು ಇದೇ ಟಿಎಚ್‌ಸಿ.

ಮದ್ಯದ ಲೆಕ್ಕ ಸುಲಭ

ಕುಡಿದು ಗಾಡಿ ಓಡಿಸುವವರ ಕಾನೂನು ಜಗತ್ತಿನಲ್ಲೆಲ್ಲ ಒಂದು ಸಂಖ್ಯೆಯ ಮೇಲೆ ನಿಂತಿದೆ. ನಮ್ಮಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಅಪರಾಧ. ಕೆನಡಾದ ಅಪರಾಧ ಸಂಹಿತೆಯಲ್ಲಿ 80 ಮಿಲಿಗ್ರಾಂ ಮುಟ್ಟಿದರೆ ಅಪರಾಧ. ಜರ್ಮನಿಯಲ್ಲಿ 50. ಸಂಖ್ಯೆ ಬೇರೆ ಬೇರೆಯಾದರೂ ಪದ್ಧತಿ ಒಂದೇ. ಇಂತಹ ಸಂಖ್ಯೆ ಇಡಲು ಸಾಧ್ಯವಾಗಿರುವುದು ಮದ್ಯಸಾರದ ಗುಣದಿಂದ.

ಮದ್ಯಸಾರ ನೀರಿನಲ್ಲಿ ಕರಗುವ ವಸ್ತು. ಹೊಟ್ಟೆಗೆ ಹೋದ ಮೇಲೆ ಪಾನಕದಲ್ಲಿ ಬೆಲ್ಲ ಹರಡಿದಂತೆ ಮೈಯ ನೀರಿನಲ್ಲೆಲ್ಲ ಹರಡಿಕೊಳ್ಳುತ್ತದೆ. ರಕ್ತದಲ್ಲಿ ಹೆಚ್ಚಾದರೆ ಮಿದುಳಿನಲ್ಲೂ ಹೆಚ್ಚು, ರಕ್ತದಲ್ಲಿ ಇಳಿದರೆ ಅಲ್ಲಿಯೂ ಇಳಿತ. ಶ್ವಾಸಕೋಶದ ಮೂಲಕ ಅದು ಉಸಿರಿಗೂ ಬರುತ್ತದೆ. ಸುಮಾರು 2,100 ಮಿಲಿಲೀಟರ್ ಉಸಿರಿನಲ್ಲಿ ಎಷ್ಟು ಮದ್ಯಸಾರವಿದೆಯೋ ಅಷ್ಟೇ ಒಂದು ಮಿಲಿಲೀಟರ್ ರಕ್ತದಲ್ಲಿ ಇರುತ್ತದೆ ಎಂಬ ಲೆಕ್ಕದ ಮೇಲೆ ಪೊಲೀಸರ ಕೈಯಲ್ಲಿನ ಯಂತ್ರ ಕೆಲಸ ಮಾಡುತ್ತದೆ. ರಾತ್ರಿ ನಾಕಾಬಂದಿಯಲ್ಲಿ 'ಊದಿ ಸಾರ್' ಎನ್ನುವ ಪೇದೆ ಒಂದರ್ಥದಲ್ಲಿ ನಿಮ್ಮ ಮಿದುಳನ್ನೇ ಅಳೆಯುತ್ತಿರುತ್ತಾನೆ.

ಇಳಿಯುವ ಲೆಕ್ಕವೂ ಅಷ್ಟೇ ಸರಳ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂನಷ್ಟನ್ನು ಕರಗಿಸುತ್ತದೆ. ಮೊಸರು, ನಿಂಬೆರಸ, ಕಾಫಿ ಯಾವುದು ಕೊಟ್ಟರೂ ಅದರ ವೇಗ ಹೆಚ್ಚುವುದಿಲ್ಲ. ಸುಮಾರು 70 ಕಿಲೋ ತೂಗುವ ಗಂಡಸು ಖಾಲಿ ಹೊಟ್ಟೆಯಲ್ಲಿ 60 ಮಿಲಿಲೀಟರಿನ ಒಂದು ದೊಡ್ಡ ಪೆಗ್ ವಿಸ್ಕಿ ಕುಡಿದರೆ ರಕ್ತದಲ್ಲಿ 40ರ ಆಸುಪಾಸು ಏರಬಹುದು. ಅಂದರೆ ನಮ್ಮ ದೇಶದ ಮಿತಿ ದಾಟಲು ಒಂದೇ ಪೆಗ್ ಸಾಕು. ಮಧ್ಯರಾತ್ರಿ 150 ಇದ್ದವನು ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ ಆಫೀಸಿಗೆ ಹೊರಟಾಗಲೂ 30ರ ಹತ್ತಿರವೇ ಇರುತ್ತಾನೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಸಂಖ್ಯೆಗೂ ಅಪಘಾತಕ್ಕೂ ಇರುವ ನಂಟು ಕೂಡ ಸ್ಪಷ್ಟವಾಗಿದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ವರ್ಜೀನಿಯಾ ಬೀಚ್ ನಗರದಲ್ಲಿ ಅಪಘಾತಕ್ಕೀಡಾದ 3,000ಕ್ಕೂ ಹೆಚ್ಚು ಚಾಲಕರನ್ನು, ಅದೇ ರಸ್ತೆಗಳಲ್ಲಿ ಅಪಘಾತವಿಲ್ಲದೆ ಹೋಗುತ್ತಿದ್ದ ಇತರ ಚಾಲಕರೊಂದಿಗೆ ಹೋಲಿಸಿ 2015ರಲ್ಲಿ ವರದಿ ಪ್ರಕಟಿಸಿತು. 50 ಮಿಲಿಗ್ರಾಂ ಮಟ್ಟದಲ್ಲಿ ಅಪಾಯ ಸುಮಾರು ಎರಡರಷ್ಟು, 80ರಲ್ಲಿ ಸುಮಾರು ನಾಲ್ಕರಷ್ಟು ಎಂದು ಅದು ಕಂಡುಕೊಂಡಿತು.

ಗಾಂಜಾದ ಲೆಕ್ಕ ಬೇರೆ

ಟಿಎಚ್‌ಸಿ ನೀರಿಗೆ ಸೇರುವ ಜಾತಿಯದಲ್ಲ, ಎಣ್ಣೆಗೆ ಸೇರಿದ್ದು. ರಕ್ತಕ್ಕೆ ಬಂದದ್ದೇ ತಡ, ಕೊಬ್ಬು ಇರುವ ಕಡೆಗೆ ಓಡುತ್ತದೆ. ಸೇದುವವನ ರಕ್ತದಲ್ಲಿ ಅದರ ಪ್ರಮಾಣ ಕೆಲವೇ ನಿಮಿಷಗಳಲ್ಲಿ ತುತ್ತತುದಿಗೆ ಏರಿ, ಒಂದೆರಡು ಗಂಟೆಯೊಳಗೆ ಅದರ ಬಹುಪಾಲು ಇಳಿದುಬಿಡುತ್ತದೆ. ಆದರೆ ಅಮಲು ರಕ್ತದ ಜೊತೆಯಲ್ಲಿ ಇಳಿಯುವುದಿಲ್ಲ. ರಕ್ತದಲ್ಲಿ ಇಳಿಯತೊಡಗಿದ ಮೇಲೆಯೂ ಅಮಲು ಏರುತ್ತಿರುತ್ತದೆ, ಆಮೇಲೆ ಗಂಟೆಗಟ್ಟಲೆ ನಿಲ್ಲುತ್ತದೆ.

ತಿಂದರೆ ಕಥೆ ಇನ್ನೂ ಬೇರೆ. ಅಮಲು ಕಾಣಿಸಿಕೊಳ್ಳಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. 'ಏನೂ ಆಗಲಿಲ್ಲ' ಎಂದು ಇನ್ನೊಂದು ತುಂಡು ತಿಂದು ಕಾರು ಹತ್ತಿದವನಿಗೆ ಹೆದ್ದಾರಿಯ ನಡುವೆ ಎರಡೂ ಒಟ್ಟಿಗೆ ಏರುತ್ತವೆ. ಯಕೃತ್ತಿನಲ್ಲಿ ಟಿಎಚ್‌ಸಿ ಇನ್ನೊಂದು ರೂಪಕ್ಕೆ ತಿರುಗುತ್ತದೆ, ಆ ರೂಪವೂ ಅಮಲು ತರುವಂಥದ್ದೇ. ಹೀಗಾಗಿ ತಿಂದವನ ರಕ್ತದಲ್ಲಿ ಟಿಎಚ್‌ಸಿ ಕಡಿಮೆ ಕಂಡರೂ ಅಮಲು ಜೋರಾಗಿರಬಹುದು. ಹೋಳಿ, ಶಿವರಾತ್ರಿಗಳಲ್ಲಿ ಭಂಗಿ ಕುಡಿದವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಮಾಣವನ್ನು ನೋಡಿ. ಕೆನಡಾದ ಮದ್ಯದ ಮಿತಿಯನ್ನು ಒಂದು ಮಿಲಿಲೀಟರ್ ರಕ್ತಕ್ಕೆ ಇಳಿಸಿದರೆ 8 ಲಕ್ಷ ನ್ಯಾನೊಗ್ರಾಂ ಆಗುತ್ತದೆ. ಗಾಂಜಾದ ಮೇಲಿನ ಮಿತಿ ಅದೇ ಒಂದು ಮಿಲಿಲೀಟರಿಗೆ 5 ನ್ಯಾನೊಗ್ರಾಂ. ಒಂದು ನ್ಯಾನೊಗ್ರಾಂ ಎಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಇಷ್ಟು ಸೂಕ್ಷ್ಮವಾದದ್ದು, ಅದರಲ್ಲೂ ಎಣ್ಣೆಯಂಥದ್ದು, ಮದ್ಯಸಾರದ ಹಾಗೆ ಉಸಿರಿನಲ್ಲಿ ಆವಿಯಾಗಿ ಬರುವುದಿಲ್ಲ. ನಮ್ಮ ಪೊಲೀಸರ ಯಂತ್ರಕ್ಕೆ ಅದು ಕಾಣದಿರುವುದಕ್ಕೆ ಕಾರಣ ಇದು.

ಇನ್ನೊಂದು ತೊಡಕಿದೆ. ದಿನವೂ ಸೇದುವವನ ಕೊಬ್ಬಿನಲ್ಲಿ ಟಿಎಚ್‌ಸಿ ಕೂಡಿಟ್ಟುಕೊಂಡಿರುತ್ತದೆ. ಬಿಟ್ಟ ಮೇಲೂ ಅಲ್ಲಿಂದ ರಕ್ತಕ್ಕೆ ಸ್ವಲ್ಪ ಸ್ವಲ್ಪವಾಗಿ ಜಿನುಗುತ್ತಿರುತ್ತದೆ. ಬಹಳ ವರ್ಷ ಸೇದಿದವರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ನಡೆಸಿದ ಅಧ್ಯಯನದಲ್ಲಿ, ಕೆಲವರ ರಕ್ತದಲ್ಲಿ ಒಂದು ತಿಂಗಳಾದರೂ ಅದರ ಅಂಶ ಸಿಕ್ಕಿದೆ. ಮೂತ್ರದಲ್ಲಿ ಸಿಗುವುದಂತೂ ಅಮಲೇ ಇಲ್ಲದ ಉಳಿಕೆ. ಅದು ವಾರಗಟ್ಟಲೆ ಇರುತ್ತದೆ. ಮೂತ್ರ ಪರೀಕ್ಷೆಯಿಂದ 'ಇವನು ಯಾವಾಗಲೋ ಸೇದಿದ್ದ' ಎನ್ನಬಹುದೇ ಹೊರತು 'ಗಾಡಿ ಓಡಿಸುವಾಗ ಅಮಲಿನಲ್ಲಿದ್ದ' ಎನ್ನಲಾಗದು.

ಹೀಗಾಗಿ ಸಂಖ್ಯೆ ಎರಡೂ ಕಡೆಗೆ ತಪ್ಪುತ್ತದೆ. ಅಪರೂಪಕ್ಕೊಮ್ಮೆ ಸೇದಿದವನು ಎರಡು ಗಂಟೆಯ ಮೇಲೆ ರಕ್ತ ಕೊಟ್ಟರೆ ಮಿತಿಯ ಕೆಳಗೆ ಬರಬಹುದು, ಅಮಲು ಇನ್ನೂ ಇಳಿದಿರುವುದಿಲ್ಲ. ದಿನವೂ ಸೇದುವವನು ರಾತ್ರಿಯಿಡೀ ನಿದ್ದೆ ಮಾಡಿ ಎದ್ದರೂ ಮಿತಿಯ ಮೇಲೆ ಬರಬಹುದು.

ಸ್ಟೀರಿಂಗ್ ಹಿಡಿದಾಗ

ಗಾಂಜಾ ಸೇದಿದ ಚಾಲಕ ನಿಧಾನವಾಗಿ ಹೋಗುತ್ತಾನೆ, ಮುಂದಿನ ಗಾಡಿಯಿಂದ ದೂರ ಇರುತ್ತಾನೆ ಎಂಬುದನ್ನು ಪ್ರಯೋಗಗಳೂ ಕಂಡಿವೆ. ಕುಡಿದವನಿಗೆ ತನ್ನ ಬಗ್ಗೆ ಧೈರ್ಯ ಹೆಚ್ಚು, ಆಕ್ಸಿಲರೇಟರ್ ಒತ್ತುತ್ತಾನೆ. ಸೇದಿದವನಿಗೆ ತನ್ನ ಬಗ್ಗೆಯೇ ಅನುಮಾನ, ಹುಷಾರಾಗಿರಲು ನೋಡುತ್ತಾನೆ. ಖಾಲಿ ರಸ್ತೆಯಲ್ಲಿ ಈ ಹುಷಾರು ಸ್ವಲ್ಪ ಕೆಲಸ ಮಾಡುತ್ತದೆ. ಆದರೆ ಗಾಡಿ ಓಡಿಸುವುದು ಎಂದರೆ ಒಂದೇ ಕೆಲಸವಲ್ಲ. ಕನ್ನಡಿ, ಗೇರು, ಎದುರಿನ ದೀಪ, ಪಕ್ಕದಿಂದ ನುಗ್ಗುವ ಸ್ಕೂಟರು ಎಲ್ಲಕ್ಕೂ ಏಕಕಾಲಕ್ಕೆ ಗಮನ ಬೇಕು. ಗಾಂಜಾ ಮೊದಲು ಕೆಡಿಸುವುದು ಗಮನವನ್ನು ಹಂಚುವ ಈ ಶಕ್ತಿಯನ್ನೇ. ಹೊತ್ತಿನ ಅಂದಾಜು ತಪ್ಪುತ್ತದೆ. ದಾರಿ ಬಿಟ್ಟು ಅತ್ತಿತ್ತ ವಾಲುವುದು ಹೆಚ್ಚುತ್ತದೆ. ಅನಿರೀಕ್ಷಿತವಾಗಿ ಮಗುವೊಂದು ರಸ್ತೆಗೆ ಓಡಿಬಂದರೆ ಬ್ರೇಕಿಗೆ ಕಾಲು ಹೋಗುವುದು ತಡ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ನಿಜವಾದ ಕಾರಿನಂತೆಯೇ ಅಲುಗಾಡುವ ಒಂದು ದೊಡ್ಡ ಚಾಲನಾ ಯಂತ್ರವಿದೆ. ಅಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓಡಿಸುತ್ತಿರುವಾಗಲೇ ರಕ್ತದಲ್ಲಿ ಟಿಎಚ್‌ಸಿ ಮಿಲಿಲೀಟರಿಗೆ 8.2 ನ್ಯಾನೊಗ್ರಾಂ ಇದ್ದರೆ 50 ಮಿಲಿಗ್ರಾಂ ಮದ್ಯ ಕುಡಿದವನಷ್ಟು ಗಾಡಿ ವಾಲುತ್ತದೆ, 13.1 ಇದ್ದರೆ 80 ಮಿಲಿಗ್ರಾಂ ಕುಡಿದವನಷ್ಟು ವಾಲುತ್ತದೆ ಎಂದು ಕಂಡುಬಂತು. ಎರಡನ್ನೂ ಬೆರೆಸಿದರೆ ಒಂದರ ಮೇಲೊಂದು ಕೂಡುತ್ತದೆ. 50 ಮಿಲಿಗ್ರಾಂ ಮದ್ಯದ ಜೊತೆ ಬರೀ 5 ನ್ಯಾನೊಗ್ರಾಂ ಗಾಂಜಾ ಸೇರಿದರೂ 80 ಮಿಲಿಗ್ರಾಂ ಕುಡಿದಂತೆಯೇ. ಪಾರ್ಟಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ಈ ಬೆರಕೆಯೇ ಎಂಬುದನ್ನು ನೆನಪಿಡಿ.

ನನಗೆ ಇನ್ನೂ ಮುಖ್ಯವಾಗಿ ಕಂಡದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಿಂದ 2022ರಲ್ಲಿ ಬಂದ ಅಧ್ಯಯನ. ಅಭ್ಯಾಸವಿದ್ದ 191 ಜನರನ್ನು ಗುಂಪು ಮಾಡಿ, ಕೆಲವರಿಗೆ ಟಿಎಚ್‌ಸಿ ಇರುವ ಸಿಗರೇಟನ್ನೂ ಕೆಲವರಿಗೆ ಟಿಎಚ್‌ಸಿ ಇಲ್ಲದ್ದನ್ನೂ ಕೊಟ್ಟು ಸೇದಿಸಿದರು. ಅರ್ಧ ಗಂಟೆಗೂ, ಒಂದೂವರೆ ಗಂಟೆಗೂ ಟಿಎಚ್‌ಸಿ ಸೇದಿದವರ ಚಾಲನೆ ಕೆಟ್ಟಿತ್ತು. ನಾಲ್ಕೂವರೆ ಗಂಟೆಯ ಹೊತ್ತಿಗೆ ಬಹುಮಟ್ಟಿಗೆ ಸರಿಹೋಗಿತ್ತು. ಆದರೆ ಒಂದೂವರೆ ಗಂಟೆಯಲ್ಲಿ 'ಈಗ ಓಡಿಸಬಲ್ಲೆ' ಎನ್ನುವವರ ಸಂಖ್ಯೆ ಏರಿತ್ತು, ಚಾಲನೆ ಮಾತ್ರ ಸುಧಾರಿಸಿರಲಿಲ್ಲ. ರಕ್ತದಲ್ಲಿನ ಟಿಎಚ್‌ಸಿ ಸಂಖ್ಯೆಗೂ ಅವರು ಓಡಿಸಿದ ರೀತಿಗೂ ಸಂಬಂಧ ಸಿಗಲಿಲ್ಲ. 'ನನಗೆ ಅಭ್ಯಾಸವಿದೆ, ನನಗೆ ಗೊತ್ತಾಗುತ್ತದೆ' ಎನ್ನುವವನಿಗೆ ಗೊತ್ತಾಗುವುದಿಲ್ಲ ಎಂದಾಯಿತು.

ಹಾಗಾದರೆ ರಸ್ತೆಯಲ್ಲಿ ಅಪಘಾತ ಎಷ್ಟು ಹೆಚ್ಚುತ್ತದೆ? ಇಲ್ಲಿ ಮದ್ಯದಷ್ಟು ಖಚಿತವಾದ ಉತ್ತರವಿಲ್ಲ ಎಂದು ಒಪ್ಪಿಕೊಳ್ಳಬೇಕು. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಮಾಡಿದ ಲೆಕ್ಕ ಅಪಾಯ ಹೆಚ್ಚುಕಡಿಮೆ ಎರಡರಷ್ಟು ಎಂದರೆ, 2016ರ ಇನ್ನೊಂದು ಲೆಕ್ಕ ಅದನ್ನು 1.36ಕ್ಕೆ ಇಳಿಸಿತು. ಮೇಲೆ ಹೇಳಿದ ವರ್ಜೀನಿಯಾ ಬೀಚ್ ವರದಿಯಲ್ಲಿ ಮೊದಲ ನೋಟಕ್ಕೆ 1.25ರಷ್ಟು ಕಂಡ ಅಪಾಯ, ಚಾಲಕರ ವಯಸ್ಸು, ಲಿಂಗ ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಕಾಣದಾಯಿತು. ಗಾಂಜಾ ಪರವಾಗಿ ವಾದಿಸುವವರು ಎತ್ತಿ ತೋರಿಸುವುದು ಇದನ್ನೇ. ಆದರೆ ಆ ವರದಿ ರಕ್ತದಲ್ಲೋ ಉಗುಳಿನಲ್ಲೋ ಟಿಎಚ್‌ಸಿ ಸಿಕ್ಕವರನ್ನೆಲ್ಲ ಒಂದೇ ಗುಂಪಿಗೆ ಹಾಕಿತ್ತು. ಆಗತಾನೇ ಸೇದಿದವನೂ, ನಿನ್ನೆ ಸೇದಿ ಇವತ್ತು ಸ್ವಸ್ಥನಾಗಿರುವವನೂ ಅಲ್ಲಿ ಒಂದೇ. ಮದ್ಯಕ್ಕಿಂತ ಗಾಂಜಾ ಕಡಿಮೆ ಅಪಾಯಕಾರಿ ಎನ್ನಲು ಆಧಾರವಿದೆ. ಅಪಾಯವೇ ಇಲ್ಲ ಎನ್ನಲು ಇಲ್ಲ.

ಕೆನಡಾ ಮಾಡಿದ್ದೇನು?

2018ರ ಅಕ್ಟೋಬರ್ 17ರಿಂದ ಕೆನಡಾದಲ್ಲಿ ವಯಸ್ಕರು ಗಾಂಜಾ ಕೊಳ್ಳುವುದು ಕಾನೂನುಬದ್ಧವಾಯಿತು. ಅದಕ್ಕೂ ಕೆಲವು ತಿಂಗಳು ಮೊದಲೇ, ಅದೇ ವರ್ಷದ ಜೂನ್‌ನಲ್ಲಿ, ಚಾಲನೆಯ ಕಾನೂನನ್ನು ಬಿಗಿ ಮಾಡಿದ್ದರು. ಅಂಗಡಿ ತೆರೆಯುವ ಮುಂಚೆ ರಸ್ತೆಗೆ ಬೇಲಿ ಹಾಕಿದ ಆ ಕ್ರಮ ನನಗೆ ಮೆಚ್ಚುಗೆಯಾಯಿತು. ಮೇಲೆ ಹೇಳಿದ ತೊಡಕೆಲ್ಲ ಅವರಿಗೂ ಗೊತ್ತಿತ್ತು. ಆದರೂ ಸಂಖ್ಯೆ ಇಟ್ಟರು. ಆ ಸಂಖ್ಯೆಯನ್ನು ಅಮಲಿನ ಅಳತೆ ಎಂದು ತಿಳಿಯದೆ ಎಚ್ಚರಿಕೆಯ ಗೆರೆ ಎಂದು ತಿಳಿದರೆ ಸರಿಹೋದೀತು.

ಗಾಡಿ ನಿಲ್ಲಿಸಿದ ಎರಡು ಗಂಟೆಯೊಳಗೆ ರಕ್ತದ ಒಂದು ಮಿಲಿಲೀಟರಿನಲ್ಲಿ ಟಿಎಚ್‌ಸಿ 2 ನ್ಯಾನೊಗ್ರಾಂ ಇದ್ದು 5ಕ್ಕೆ ಕಡಿಮೆಯಾಗಿದ್ದರೆ ಸಣ್ಣ ಅಪರಾಧ, 1,000 ಡಾಲರ್ ತನಕ ದಂಡ. 5 ಅಥವಾ ಹೆಚ್ಚಿದ್ದರೆ ದೊಡ್ಡದು. ಮೊದಲ ಸಲ ಕನಿಷ್ಠ 1,000 ಡಾಲರ್ ದಂಡ, ಎರಡನೆಯ ಸಲ ಕನಿಷ್ಠ 30 ದಿನ ಜೈಲು, ಮೂರನೆಯ ಸಲ ಕನಿಷ್ಠ 120 ದಿನ. ಎರಡೂ ಬೆರೆಸಿದವರಿಗೆ ಬೇರೆ ಮಿತಿ ಇದೆ. ಮದ್ಯಸಾರ 50 ಮಿಲಿಗ್ರಾಂ, ಜೊತೆಗೆ ಟಿಎಚ್‌ಸಿ 2.5 ನ್ಯಾನೊಗ್ರಾಂ ಮುಟ್ಟಿದರೆ ಅದೂ ದೊಡ್ಡ ಅಪರಾಧವೇ. ಮದ್ಯಕ್ಕೆ ಮಾತ್ರ ಸಿಕ್ಕಿಬಿದ್ದವನಿಗೆ ಮೊದಲ ಸಲದ ಕನಿಷ್ಠ ದಂಡ 80ರಿಂದ 119ರ ವರೆಗೆ 1,000 ಡಾಲರ್, 120 ದಾಟಿದರೆ 1,500, 160 ದಾಟಿದರೆ 2,000. ಮದ್ಯದಲ್ಲಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಲು ಸಾಧ್ಯವಾಗಿದೆ. ಗಾಂಜಾದಲ್ಲಿ 5ರ ಮೇಲೆ ಮೆಟ್ಟಿಲೇ ಇಲ್ಲ. ಹತ್ತು ಸಿಕ್ಕವನು ಐದು ಸಿಕ್ಕವನ ಎರಡರಷ್ಟು ಅಮಲಿನಲ್ಲಿದ್ದ ಎಂದು ಯಾರೂ ಹೇಳಲಾರರು.

ತಪಾಸಣೆಯಲ್ಲೂ ವ್ಯತ್ಯಾಸವಿದೆ. ಮದ್ಯಕ್ಕೆ ಅಲ್ಲಿನ ಪೊಲೀಸರು 2018ರ ಡಿಸೆಂಬರ್‌ನಿಂದ ಯಾವ ಅನುಮಾನವೂ ಇಲ್ಲದೆ, ಕಾನೂನುಬದ್ಧವಾಗಿ ನಿಲ್ಲಿಸಿದ ಯಾವ ಚಾಲಕನನ್ನಾದರೂ ಊದಿಸಬಹುದು. ಗಾಂಜಾಕ್ಕೆ ಹಾಗಿಲ್ಲ, ಅನುಮಾನಕ್ಕೆ ಕಾರಣ ಬೇಕು. ಕಾರಣವಿದ್ದರೆ ಉಗುಳಿನ ಪರೀಕ್ಷೆ ಮಾಡುತ್ತಾರೆ. ಬಾಯೊಳಗೆ ಒಂದು ಕಡ್ಡಿ ಆಡಿಸಿ ಸಣ್ಣ ಯಂತ್ರಕ್ಕೆ ಇಡುತ್ತಾರೆ. ಉಗುಳಿನಲ್ಲಿ ಸಿಗುವುದು ಬಹುಪಾಲು ಸೇದುವಾಗ ಬಾಯಿಗೆ ಅಂಟಿದ್ದು. ಆದ್ದರಿಂದ 'ಇತ್ತೀಚೆಗೆ ಸೇದಿದ್ದಾನೆ' ಎಂಬ ಸುಳಿವಿಗೆ ಅದು ಒಳ್ಳೆಯದು, ಅಮಲಿನ ಅಳತೆಗೆ ಸಾಲದು. ಆಮೇಲೆ ಗೆರೆಯ ಮೇಲೆ ನಡೆಸುವುದು, ಒಂಟಿ ಕಾಲಿನಲ್ಲಿ ನಿಲ್ಲಿಸುವುದು, ಕಣ್ಣು ನೋಡುವುದು ಇತ್ಯಾದಿ. ಕುಡಿದವನ ಕಣ್ಣುಗುಡ್ಡೆ ಪಕ್ಕಕ್ಕೆ ತಿರುಗಿಸಿದಾಗ ಅದಿರುತ್ತದೆ. ಗಾಂಜಾ ಸೇದಿದವನಲ್ಲಿ ಸಾಮಾನ್ಯವಾಗಿ ಆ ಅದುರು ಇರುವುದಿಲ್ಲ. ಬದಲಿಗೆ ಕಣ್ಣು ಕೆಂಪಾಗಿರುತ್ತದೆ, ನಾಡಿ ಜೋರಾಗಿರುತ್ತದೆ, ಮೂಗಿನ ತುದಿಗೆ ಬೆರಳು ತಂದರೆ ಎರಡು ಕಣ್ಣೂ ಒಟ್ಟಿಗೆ ಒಳಗೆ ತಿರುಗುವುದಿಲ್ಲ. ಇದಕ್ಕೆ ತರಬೇತಾದ ಪೊಲೀಸ್ ಅಧಿಕಾರಿಗಳೇ ಅಲ್ಲಿದ್ದಾರೆ. ಹೀಗೆ ಮೈಯ ಲಕ್ಷಣಗಳಿಂದ ಅಮಲು ರುಜುವಾತಾದರೆ ರಕ್ತದ ಸಂಖ್ಯೆ ಎಷ್ಟೇ ಇದ್ದರೂ ಶಿಕ್ಷೆಯಾಗಬಹುದು. ಪರೀಕ್ಷೆಗೆ ಒಪ್ಪದಿದ್ದರೆ ಪಾರಾಗಬಹುದು ಎಂದುಕೊಳ್ಳುವವರಿಗೆ ಒಂದು ಮಾತು: ಒಪ್ಪದಿರುವುದೇ ಬೇರೆ ಅಪರಾಧ, ಅದಕ್ಕೆ ಮೊದಲ ಸಲದ ಕನಿಷ್ಠ ದಂಡ 2,000 ಡಾಲರ್.

ಒಂಟಾರಿಯೊ ಪ್ರಾಂತ್ಯದ ನಿಯಮ ಇನ್ನೂ ಕಟ್ಟುನಿಟ್ಟು. 21 ವರ್ಷ ದಾಟಿಲ್ಲದವರು, ಕಲಿಕೆಯ ಹಂತದ ಲೈಸೆನ್ಸ್ ಇರುವವರು, ಲಾರಿಯಂತಹ ವಾಣಿಜ್ಯ ವಾಹನ ಓಡಿಸುವವರು, ಇವರಿಗೆಲ್ಲ ಮದ್ಯವೂ ಸೊನ್ನೆ, ಗಾಂಜಾವೂ ಸೊನ್ನೆ. ಇಲ್ಲಿಂದ ಹೋದ ಹುಡುಗರಲ್ಲಿ ಬಹಳಷ್ಟು ಮಂದಿ ಮೊದಲ ವರ್ಷಗಳಲ್ಲಿ ಕಲಿಕೆಯ ಹಂತದ ಲೈಸೆನ್ಸಿನಲ್ಲೇ ಇರುತ್ತಾರೆ.

ಈಗ ಪತ್ರ ಬರೆದವರಂಥ ತಂದೆತಾಯಿಗಳು ಮಕ್ಕಳಿಗೆ ತಪ್ಪದೆ ತಿಳಿಸಬೇಕಾದ ವಿಷಯ. 2018ರ ಡಿಸೆಂಬರ್ 18ರಿಂದ ಅಮಲಿನಲ್ಲಿ ಗಾಡಿ ಓಡಿಸುವ ಅಪರಾಧದ ಗರಿಷ್ಠ ಶಿಕ್ಷೆಯನ್ನು ಕೆನಡಾ 10 ವರ್ಷಕ್ಕೆ ಏರಿಸಿತು. ಅಲ್ಲಿನ ವಲಸೆ ಕಾನೂನಿನಲ್ಲಿ 10 ವರ್ಷದ ಶಿಕ್ಷೆ ಇರುವ ಅಪರಾಧಕ್ಕೆ 'ಗಂಭೀರ ಅಪರಾಧ' ಎಂಬ ಹಣೆಪಟ್ಟಿ ಇದೆ. ನ್ಯಾಯಾಲಯ ಬರೀ ದಂಡ ಹಾಕಿ ಬಿಟ್ಟರೂ ಹಣೆಪಟ್ಟಿ ತಪ್ಪುವುದಿಲ್ಲ, ಏಕೆಂದರೆ ನೋಡುವುದು ಕೊಟ್ಟ ಶಿಕ್ಷೆಯನ್ನಲ್ಲ, ಕೊಡಬಹುದಾದ ಗರಿಷ್ಠ ಶಿಕ್ಷೆಯನ್ನು. ವಿದ್ಯಾರ್ಥಿ ವೀಸಾದವರು ಮಾತ್ರವಲ್ಲ, ಕಾಯಂ ವಾಸದ ಅನುಮತಿ ಪಡೆದವರು ಕೂಡ ಇದರಿಂದ ದೇಶ ಬಿಡಬೇಕಾದ ಪ್ರಸಂಗ ಬರಬಹುದು. ಅಲ್ಲಿನ ಪ್ರಜೆಗೆ ಇದು ದಂಡ ಕಟ್ಟಿ ಮುಗಿಯುವ ವಿಷಯವಾಗಬಹುದು, ನಮ್ಮ ಹುಡುಗನಿಗೆ ಹಾಗಲ್ಲ. 2ರಿಂದ 5 ನ್ಯಾನೊಗ್ರಾಂ ನಡುವಿನ ಸಣ್ಣ ಅಪರಾಧಕ್ಕೆ ಈ 10 ವರ್ಷದ ಮಾತು ತಗಲದು, ನಿಜ. ಆದರೆ ಒಂದು ಸಿಗರೇಟು ಸೇದಿದರೆ ರಕ್ತದಲ್ಲಿ ನಾಲ್ಕು ಬರುವುದೋ ಆರು ಬರುವುದೋ ಸೇದುವ ಮುಂಚೆ ಹೇಳಬಲ್ಲವರು ಯಾರು? ಸಿಕ್ಕಿಬಿದ್ದವರು ಸಹಿ ಹಾಕುವ ಮೊದಲು ವಲಸೆ ವಿಷಯ ಬಲ್ಲ ವಕೀಲರನ್ನು ಕಾಣಬೇಕು.

ಬೇರೆ ದೇಶಗಳೂ ಇದೇ ತೊಡಕಿನಲ್ಲಿವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 5 ನ್ಯಾನೊಗ್ರಾಂ ಮುಟ್ಟಿದರೆ ಅದೇ ಅಪರಾಧ. ಕೊಲರಾಡೊದಲ್ಲಿ ಅದೇ 5 ಕಂಡರೆ ಅಮಲಿನಲ್ಲಿದ್ದ ಎಂದು ಊಹಿಸಬಹುದು, ಚಾಲಕ ಅದನ್ನು ಅಲ್ಲಗಳೆಯಲೂಬಹುದು. 2016ರಲ್ಲಿ ಅಲ್ಲಿನ ವಾಹನ ಚಾಲಕರ ಸಂಘದ ಸಂಶೋಧನಾ ಪ್ರತಿಷ್ಠಾನವೇ ಈ ಸಂಖ್ಯೆಗಳಿಗೆ ವೈಜ್ಞಾನಿಕ ಆಧಾರವಿಲ್ಲ ಎಂದಿತು. ಜರ್ಮನಿ ಬಹುಕಾಲ 1 ನ್ಯಾನೊಗ್ರಾಂ ಇಟ್ಟುಕೊಂಡಿದ್ದು, 2024ರ ಆಗಸ್ಟ್‌ನಲ್ಲಿ ಅದನ್ನು 3.5ಕ್ಕೆ ಏರಿಸಿತು. ಅವರು ಅಳೆಯುವುದು ಇಡೀ ರಕ್ತದಲ್ಲಲ್ಲ, ರಕ್ತದ ತಿಳಿಯಾದ ಸೀರಮ್‌ನಲ್ಲಿ. ಹಾಗಾಗಿ ಅವರ ಸಂಖ್ಯೆಯನ್ನು ಕೆನಡಾದ ಸಂಖ್ಯೆಯ ಪಕ್ಕ ನೇರವಾಗಿ ಇಡುವಂತಿಲ್ಲ.

ನಮ್ಮಲ್ಲಿ ಹೇಗೆ?

ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಮದ್ಯಕ್ಕೆ. ಕಾಯ್ದೆ ಬಂದಾಗ ರಕ್ತದಲ್ಲಿ ಎಷ್ಟೇ ಅಲ್ಪ ಮದ್ಯಸಾರವಿದ್ದರೂ ಅಪರಾಧವೆಂದಿತ್ತು. 1994ರ ತಿದ್ದುಪಡಿಯಲ್ಲಿ 30 ಮಿಲಿಗ್ರಾಂ ಗೆರೆ ಬಂತು. ಎರಡನೆಯ ಭಾಗ ಮಾದಕವಸ್ತುಗಳಿಗೆ. ಅದರಲ್ಲಿ ಸಂಖ್ಯೆಯೇ ಇಲ್ಲ. ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲು ಆಗದಷ್ಟು ಮಟ್ಟಿಗೆ ಅದರ ಪ್ರಭಾವದಲ್ಲಿದ್ದರೆ ಅಪರಾಧ, ಅಷ್ಟೇ. 2019ರ ತಿದ್ದುಪಡಿಯಿಂದ ಈ 'ಮಾದಕವಸ್ತು' ಎಂಬ ಮಾತಿಗೆ ವಿಶಾಲವಾದ ಅರ್ಥ ಬಂದಿದೆ, 1985ರ ಮಾದಕವಸ್ತು ಕಾಯ್ದೆಯಲ್ಲಿ ಹೇಳಿದವೆಲ್ಲ ಅದರಲ್ಲಿ ಸೇರಿವೆ. ಶಿಕ್ಷೆ ಮದ್ಯಕ್ಕೂ ಗಾಂಜಾಕ್ಕೂ ಒಂದೇ. ಮೊದಲ ಸಲ 6 ತಿಂಗಳ ತನಕ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿದರೆ 2 ವರ್ಷದ ತನಕ ಜೈಲು ಅಥವಾ 15,000 ದಂಡ ಅಥವಾ ಎರಡೂ.

ಕಾಗದದ ಮೇಲೆ ನೋಡಿದರೆ ನಮ್ಮ ಕಾನೂನಿನಲ್ಲಿ ಒಂದು ವಿವೇಕವಿದೆ. ರಕ್ತದಲ್ಲಿ ಉಳಿದ ಹಳೆಯ ಟಿಎಚ್‌ಸಿಗಾಗಿ ಯಾರನ್ನೂ ಹಿಡಿಯುವುದಿಲ್ಲ, ಓಡಿಸಲು ಶಕ್ತನಾಗಿದ್ದನೇ ಎಂದು ಕೇಳುತ್ತದೆ. ವೈದ್ಯಶಾಸ್ತ್ರ ಕೇಳುವುದೂ ಅದನ್ನೇ. ಆದರೆ ಶಕ್ತನಾಗಿರಲಿಲ್ಲ ಎಂದು ರುಜುವಾತು ಮಾಡುವವರು ಯಾರು? ಊದಿಸುವುದು, ಅದರಿಂದ ಮುಂದೆ ರಕ್ತ ತೆಗೆಸುವುದು, ಈ 203 ಮತ್ತು 204ನೆಯ ಕಲಮುಗಳು ಮದ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. 185ರಲ್ಲಿ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಡಬೇಕೆಂಬ ನಿಯಮವೂ ಇದೆ. ಕ್ಯಾಶುವಾಲಿಟಿಯಲ್ಲಿ ರಾತ್ರಿ ಪಾಳಿಯ ವೈದ್ಯರು ಬಾಯಿ ವಾಸನೆ, ನಡಿಗೆ, ಮಾತು, ಕಣ್ಣಿನ ಪಾಪೆ ನೋಡಿ ಸರ್ಟಿಫಿಕೇಟ್ ಬರೆಯುವುದನ್ನು ಕಲಿತಿದ್ದಾರೆ. ವಾಸನೆ ಇಲ್ಲ, ಮಾತು ತೊದಲುವುದಿಲ್ಲ, ನಡಿಗೆ ಹೆಚ್ಚುಕಡಿಮೆ ಸರಿ, ಕಣ್ಣು ಮಾತ್ರ ಕೆಂಪು. ಇಂಥವನ ಬಗ್ಗೆ ಏನು ಬರೆಯಬೇಕು ಎಂಬುದನ್ನು ನಮಗೆ ಯಾರೂ ಸರಿಯಾಗಿ ಕಲಿಸಿಲ್ಲ. ಕೆನಡಾದಂತೆ ಇಲ್ಲೂ ಇದಕ್ಕೆ ತರಬೇತಾದವರು ಬೇಕು. ಯಂತ್ರ ಕೊಳ್ಳುವುದಕ್ಕಿಂತ ಇದು ಮೊದಲು ಆಗಬೇಕಾದ ಕೆಲಸ ಎಂಬುದು ನನ್ನ ಅಭಿಪ್ರಾಯ.

ಭಂಗಿಯ ಬಗ್ಗೆಯೂ ಗೊಂದಲವಿದೆ. 1985ರ ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಇರುವ ತುದಿ. ಬರೀ ಎಲೆ ಅದರಲ್ಲಿ ಸೇರುವುದಿಲ್ಲ. 2022ರಲ್ಲಿ ನಮ್ಮ ರಾಜ್ಯದ ಹೈಕೋರ್ಟ್ ಕೂಡ ಒಂದು ಜಾಮೀನು ಪ್ರಕರಣದಲ್ಲಿ ಭಂಗಿ ಆ ಕಾಯ್ದೆಯಡಿ ಬರುವುದಿಲ್ಲ ಎಂದಿತು. ಇದನ್ನು ಓದಿ ಭಂಗಿ ಕುಡಿದು ಬೈಕ್ ಹತ್ತಬಹುದು ಎಂದು ಯಾರೂ ಭಾವಿಸಬಾರದು. ಕಾಯ್ದೆ ಎಲೆಯನ್ನೂ ಹೂವನ್ನೂ ಬೇರೆ ಮಾಡಬಹುದು, ಮಿದುಳು ಮಾಡುವುದಿಲ್ಲ. ಗಾಂಜಾದ ವಿಷಯಕ್ಕೆ ಬಂದರೆ ನಮ್ಮಲ್ಲಿ ಓಡಿಸುವುದಿರಲಿ, ಸೇದುವುದೇ ಅಪರಾಧ. 6 ತಿಂಗಳ ತನಕ ಜೈಲು ಅಥವಾ 10,000 ರೂಪಾಯಿ ತನಕ ದಂಡ ಅಥವಾ ಎರಡೂ.

ಎಷ್ಟು ಹೊತ್ತು ಕಾಯಬೇಕು?

ಕೆನಡಾದ ತಜ್ಞರು 2017ರಲ್ಲಿ ಹೊರತಂದ ಸಲಹೆಯ ಪ್ರಕಾರ ಸೇದಿದ ಮೇಲೆ ಕನಿಷ್ಠ 6 ಗಂಟೆ ಗಾಡಿ ಮುಟ್ಟಬಾರದು. ತಿಂದವರು ಅಥವಾ ಕುಡಿದವರು ಕನಿಷ್ಠ 8 ಗಂಟೆ ಬಿಡಬೇಕೆಂದು ಕೊಲರಾಡೊದ ಆರೋಗ್ಯ ಇಲಾಖೆ ಹೇಳುತ್ತದೆ, ಅದೂ ಸ್ವಲ್ಪ ಪ್ರಮಾಣದಲ್ಲಿ ತಿಂದಿದ್ದರೆ. ಹೆಚ್ಚು ತಿಂದಿದ್ದರೆ, ಅಥವಾ ಜೊತೆಗೆ ಮದ್ಯವಿದ್ದರೆ ಮಾರನೆಯ ದಿನದ ತನಕ ಬೇಡ. ತಣ್ಣೀರು ಸ್ನಾನ, ಕಣ್ಣಿಗೆ ಹನಿ, ಕಾಫಿ, ಮಜ್ಜಿಗೆ ಇವು ಕಣ್ಣಿನ ಕೆಂಪನ್ನೋ ಬಾಯಿಯ ಒಣಗನ್ನೋ ಕಡಿಮೆ ಮಾಡಿಯಾವು, ಬ್ರೇಕಿಗೆ ಹೋಗುವ ಕಾಲನ್ನು ಚುರುಕು ಮಾಡಲಾರವು. ಈ ಗಂಟೆಗಳು ಅಮಲಿನ ಲೆಕ್ಕ ಮಾತ್ರ. ದಿನವೂ ಸೇದುವವನು 8 ಗಂಟೆ ಬಿಟ್ಟರೂ ರಕ್ತದ ಸಂಖ್ಯೆ 2 ನ್ಯಾನೊಗ್ರಾಂ ಕೆಳಗೆ ಇಳಿದಿರುತ್ತದೆ ಎಂಬ ಭರವಸೆ ಇಲ್ಲ. ಕೆನಡಾದಲ್ಲಿ ಅಂಥವನಿಗೆ ಬಸ್ಸೇ ಗತಿ.

ಕೊನೆಯದಾಗಿ ಒಂದು ಪ್ರಶ್ನೆ ಉಳಿದಿದೆ. ನೋವಿಗೆಂದು, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆಂದು ವೈದ್ಯರೇ ಗಾಂಜಾ ಬರೆದುಕೊಟ್ಟಿದ್ದರೆ? ಒಂಟಾರಿಯೊದಲ್ಲಿ ಅಂಥವರಿಗೆ ಸೊನ್ನೆಯ ನಿಯಮದಿಂದ ವಿನಾಯಿತಿ ಉಂಟು. ಆದರೆ ದೇಶದ ಅಪರಾಧ ಸಂಹಿತೆಯ 2 ಮತ್ತು 5 ನ್ಯಾನೊಗ್ರಾಂ ಗೆರೆಗಳು ಚೀಟಿ ಇದ್ದವರಿಗೂ ಒಂದೇ. ನಿದ್ರೆ ಮಾತ್ರೆ, ನೆಗಡಿ ಕೆಮ್ಮಿಗೆ ಕೊಡುವ ಮಂಪರು ಬರಿಸುವ ಔಷಧಿಗಳಿಗೆ ಇಂಥ ಗೆರೆಯಿಲ್ಲ. ಆದರೆ ಅವುಗಳ ಮಂಪರಿನಲ್ಲಿ ಗಾಡಿ ಓಡಿಸಿದರೂ ಅಪಾಯ ಅದೇ. ಹೊಸ ಔಷಧಿ ಬರೆಸಿಕೊಂಡಾಗ 'ಇದನ್ನು ತೆಗೆದುಕೊಂಡು ಗಾಡಿ ಓಡಿಸಬಹುದೇ, ಎಷ್ಟು ಹೊತ್ತು ಬಿಡಬೇಕು' ಎಂದು ನಿಮ್ಮ ವೈದ್ಯರನ್ನು ಕೇಳಿ. ಅವರು ಹೇಳಲು ಮರೆತಿದ್ದರೂ ಕೇಳಿದರೆ ಹೇಳುತ್ತಾರೆ.